ಅವರೆಕಾಳು ಹಿತುಕುವ ಮಿಂಚುಳ್ಳಿ

ತಿಮ್ಮಕ್ಕನಿಗೆ ಮನುಷ್ಯರ ಮೇಲಿದ್ದ ತಾತ್ಸಾರ ಇಂದು ನಿನ್ನೆಯದಲ್ಲ. ಬನ್ನೇರುಘಟ್ಟ ರಸ್ತೆಯ ಮಾಲೊಂದರ ಬಾಗಿಲಲ್ಲಿ, ಹೆಂಗಸರನ್ನು ತಪಾಸಣೆ ಮಾಡುವ ಪರದೆ ಗೂಡಿನೊಳಗೆ ವರ್ಷಗಟ್ಟಲೆ ನಿಂತ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು, ಅಷ್ಟೆ. ಒಳಗೆ ಬಂದ ಹೆಂಗಸರು ಎರಡೂ ಕೈ ಚಾಚಿ ನಿಲ್ಲುತ್ತಾರೆ. ತಿಮ್ಮಕ್ಕ ಮೆಟಲ್ ಡಿಟೆಕ್ಟರನ್ನು ಅವರ ಕಂಕುಳಿಂದ ಸೊಂಟದವರೆಗೆ ಇಳಿಸುತ್ತಾಳೆ. ಅಷ್ಟು ಹೊತ್ತೂ ಅವರು ಅವಳ ತಲೆಯ ಮೇಲಿನ ಗೋಡೆಯನ್ನೋ ತಮ್ಮ ಫೋನನ್ನೋ ನೋಡುತ್ತಿರುತ್ತಾರೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತು ಮುಖ ನೋಡದೆ ಹೋಗುವುದು ಸುಲಭವಲ್ಲ. ಅದಕ್ಕೂ ಅಭ್ಯಾಸ ಬೇಕು. ಜಯನಗರ, ಜೆಪಿ ನಗರದ ಹೆಂಗಸರಿಗೆ ಆ ಅಭ್ಯಾಸ ಹುಟ್ಟಿನಿಂದಲೇ ಬಂದಿರುತ್ತದೆಂದು ತಿಮ್ಮಕ್ಕನ ಅಂದಾಜು. ಅವಳೂ ಸುಮ್ಮನಿರುತ್ತಿರಲಿಲ್ಲ. ಬ್ಯಾಗಿನೊಳಗೆ ಒಂದು ಸಲ ಕಣ್ಣಾಡಿಸಿ, ಜಿಪ್ ಎಳೆದು ವಾಪಸು ಕೊಡುವಾಗ ಮನಸ್ಸಿನಲ್ಲೇ ಒಂದು ತೀರ್ಪು ಬರೆದು ಕಳಿಸುತ್ತಿದ್ದಳು: ನಾಲ್ಕು ಲಿಪ್‌ಸ್ಟಿಕ್ ಇಟ್ಟುಕೊಂಡು ಒಂದು ಬಾಚಣಿಗೆ ಇಲ್ಲದವಳು. ದೇವರ ಕುಂಕುಮವನ್ನೂ ಸಿಗರೇಟನ್ನೂ ಒಂದೇ ಡಬ್ಬಿಯಲ್ಲಿ ಇಟ್ಟವಳು.

ಅವಳಿಗೆ ಅರವತ್ತು ಹತ್ತಿರವಾಗಿತ್ತು. ಕಪ್ಪು ಮೈ, ಅಗಲ ಮುಖ, ಎರಡೂ ಕಡೆ ಮೂಗುಬೊಟ್ಟು, ಎಡಗಲ್ಲದ ಮೇಲೆ ಕೂದಲು ಹುಟ್ಟಿದ ಮಚ್ಚೆ. ಯೂನಿಫಾರ್ಮಿನ ಬೆಲ್ಟು ಅವಳ ಹೊಟ್ಟೆಯ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದಿನವಿಡೀ ಒದ್ದಾಡುತ್ತಿತ್ತು. ಹುಟ್ಟಿದ್ದು ಹೊಸಕೆರೆಹಳ್ಳಿಯಲ್ಲೇ, ಕೆರೆಯ ಅಂಚಿನವರೆಗೂ ರಾಗಿ ಹೊಲವಿದ್ದ ಕಾಲದಲ್ಲಿ. ಅವಳ ತಾಯಿ ಕಳೆ ಕೀಳುತ್ತಿದ್ದ ಹೊಲ ಈಗ ಬೋರಣ್ಣನ ನಾಲ್ಕು ಕಟ್ಟಡಗಳಾಗಿ ನಿಂತಿತ್ತು, ಅವುಗಳಲ್ಲೊಂದರ ನೆಲಮಹಡಿಯಲ್ಲಿ ತಿಮ್ಮಕ್ಕ ಬಾಡಿಗೆಗಿದ್ದಳು. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಬೋರಣ್ಣನ ಕುತ್ತಿಗೆಯಲ್ಲಿ ಈಗ ಎಮ್ಮೆ ಕಟ್ಟುವ ಹಗ್ಗದಷ್ಟು ದಪ್ಪದ ಚಿನ್ನದ ಸರ. ಅದನ್ನು ನೋಡಿದಾಗಲೆಲ್ಲ ತಿಮ್ಮಕ್ಕನಿಗೆ ಎಮ್ಮೆಗಳೇ ನೆನಪಾಗುತ್ತಿದ್ದವು, ಅದೂ ಕೊಂಚ ಗೌರವದಿಂದ.

ಗಂಡ ಚಲುವರಾಜು ಹೆಸರಿಗೆ ತಕ್ಕ ಹಾಗೆ ಚೆಲುವ. ಆ ಚೆಲುವು ಒಬ್ಬಳಿಗೇ ಮೀಸಲಾದರೆ ಅನ್ಯಾಯವೆಂದು ತಿಳಿದು, ಮಗಳು ತೇಜಸ್ವಿನಿ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಕನಕಪುರದ ಕಡೆಯ ಒಬ್ಬಳ ಜೊತೆ ಹೊರಟುಹೋಗಿದ್ದ. ಹೋಗುವ ಮುಂಚೆ, "ನಿನ್ನ ಪಕ್ಕ ನಿಂತ್ಕೊಂಡ್ರೆ ಜನ ನನ್ನ ನೋಡಿ ಅಯ್ಯೋ ಅಂತಾರೆ" ಎಂದಿದ್ದ. ತಿಮ್ಮಕ್ಕ ಅವನ ಹಿಂದೆ ಹೋಗಲಿಲ್ಲ, ಅಳಲೂ ಇಲ್ಲ. ಅವಳ ತಂದೆ ಯಲ್ಲಯ್ಯ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಮನುಷ್ಯ; ಬುದ್ಧನ ಪಟ, ಬಾಬಾಸಾಹೇಬರ ಪಟ ಎರಡನ್ನೂ ಮಗಳ ಮನೆಯ ಗೋಡೆಗೆ ತಾನೇ ಮೊಳೆ ಹೊಡೆದು ಹಾಕಿಕೊಟ್ಟು, "ಯಾರ ಮುಂದೂ ತಲೆ ತಗ್ಗಿಸ್ಬೇಡ" ಎಂದಿದ್ದ. ತಿಮ್ಮಕ್ಕ ಆ ಮಾತನ್ನು ಪಾಲಿಸಿದಳು, ಸ್ವಲ್ಪ ಜಾಸ್ತಿಯೇ ಪಾಲಿಸಿದಳು.

ಅವರೆಕಾಯಿ ಕಾಲದ ಒಂದು ಬೆಳಗ್ಗೆ ಅವಳು ಮನೆ ಮುಂದಿನ ಮೆಟ್ಟಿಲ ಮೇಲೆ ಕಾಲು ಅಗಲಿಸಿ ಕೂತು, ರಾತ್ರಿ ನೆನೆಹಾಕಿದ್ದ ಕಾಳು ಹಿತುಕುತ್ತಿದ್ದಳು. ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತಿತ್ತು. ಮೇಲಿನ ಮನೆಯಿಂದ ಇಳಿದು ಬಂದ ಬೋರಣ್ಣನ ಮಗಳು ಅರ್ಪಿತ ಎದುರಿಗೇ ನಿಂತುಬಿಟ್ಟಳು. ಅವಳು ಚಿತ್ರಕಲೆ ಓದಿದ ಹುಡುಗಿ. ಮದುವೆ ಮಾತು ಬಂದಾಗಲೆಲ್ಲ ಟೆರೇಸಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಣ್ಣ ಕಲಸುತ್ತಿದ್ದಳು.

"ತಿಮ್ಮಕ್ಕ, ಹಾಗೇ ಇರಿ. ಅಲ್ಲಾಡ್ಬೇಡಿ."

"ಯಾಕೆ, ಮೈಮೇಲೆ ಹಾವು ಬಿದ್ದಿದ್ಯಾ?"

"ನಿಮ್ಮ ಚಿತ್ರ ಬರೀಬೇಕು ನಾನು. ಪ್ಲೀಸ್."

"ಆಧಾರ್ ಕಾರ್ಡಲ್ಲಿರೋ ನನ್ನ ಮುಖಾನೇ ನೋಡಕ್ಕಾಗಲ್ಲ. ಹೋಗು, ನಿಮ್ಮಮ್ಮನ್ನ ಬರಿ."

ಅರ್ಪಿತ ಬಿಡಲಿಲ್ಲ. ಅವಳು ಒಂದು ಪ್ರದರ್ಶನಕ್ಕೆ ತಯಾರಿ ನಡೆಸಿದ್ದಳು. ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಬಿದ್ದು ಮಾರಾಟವಾಗುತ್ತಿದ್ದ ಕನ್ನಡದ ಕಾಮಿಕ್ಸ್ ವೀರರೆಲ್ಲ ಈಗ ವಯಸ್ಸಾಗಿ, ನಮ್ಮ ಬೀದಿಗಳಲ್ಲೇ ಬದುಕುತ್ತಿದ್ದರೆ ಹೇಗಿರುತ್ತಾರೆ ಎನ್ನುವುದು ಅವಳ ಚಿತ್ರಗಳ ವಿಷಯ. ಸಿಡಿಲರಾಯ ಎಂಬ ಮಹಾವೀರನಿಗೆ ತಂದೆ ಬೋರಣ್ಣನನ್ನೇ ಕೂರಿಸಿ ಬರೆದಾಗಿತ್ತು. ಇನ್ನು ಉಳಿದದ್ದು ವೀರನಾರಿ ಮಿಂಚುಳ್ಳಿ. ಅರ್ಪಿತ ಹಳೆಯ ಕಾಮಿಕ್ಸೊಂದನ್ನು ತಂದು ತೋರಿಸಿದಳು. ನೀಲಿ ರೆಕ್ಕೆ, ಎದೆಗೆ ಕಿತ್ತಳೆ ಬಣ್ಣದ ಕವಚ, ಕಣ್ಣಿಗೆ ಮುಸುಕು, ಹಾಲಿನಂಥ ಬಣ್ಣ. ಎತ್ತರದ ಕಟ್ಟಡದಿಂದ ಗಾಳಿಯನ್ನು ಸೀಳಿಕೊಂಡು ಧುಮುಕಿ ಕಳ್ಳನನ್ನು ಎತ್ತಿಕೊಂಡು ಹೋಗುತ್ತಿದ್ದಳು.

ತಿಮ್ಮಕ್ಕ ಪುಸ್ತಕವನ್ನು ದೂರ ಹಿಡಿದು ನೋಡಿದಳು. "ಇವಳ ಸೊಂಟ ಎಲ್ಲಿ?"

"ಅದೇ ಇದೆಯಲ್ಲ."

"ಇದಾ? ನಾನು ಲಟ್ಟಣಿಗೆ ಹಿಡ್ಕೊಂಡಿದಾಳೆ ಅನ್ಕೊಂಡೆ. ಇಷ್ಟರೊಳಗೆ ಕರುಳು ಎಲ್ಲಿಟ್ಕೋತಾಳಮ್ಮ?"

ಆದರೂ ಅವಳು ಒಪ್ಪಿದಳು. ವಾರದ ರಜೆಯ ದಿನ ಟೆರೇಸಿನ ರೂಮಿಗೆ ಹತ್ತಿ, ಮೊರದಲ್ಲಿ ಕಾಳಿಟ್ಟುಕೊಂಡು ಕೂರುತ್ತಿದ್ದಳು. ಯಾಕೆ ಒಪ್ಪಿದೆ ಎಂದು ಮಗಳು ಕೇಳಿದರೆ, "ಹೆಂಗೂ ಕಾಳು ಹಿತುಕ್ಬೇಕಲ್ಲ, ಅಲ್ಲೇ ಕೂತ್ ಹಿತುಕ್ತೀನಿ" ಎಂದಳು. ನಿಜವಾದ ಕಾರಣವನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಅರ್ಪಿತ ನೋಡುತ್ತಿದ್ದಳು. ತಾಸುಗಟ್ಟಲೆ ನೋಡುತ್ತಿದ್ದಳು. ಬ್ರಷ್ ಹಿಡಿದು ನೋಡುವಾಗ ಆ ಹುಡುಗಿಯ ಕಣ್ಣಲ್ಲಿ ಕರುಣೆ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟವರು ಹಾಲನ್ನು ನೋಡುವ ಹಾಗೆ ನೋಡುತ್ತಿದ್ದಳು. ಹೀಗೆ ತಿಮ್ಮಕ್ಕನನ್ನು ಯಾರೂ ನೋಡಿರಲಿಲ್ಲ.

ಕೆಡುತ್ತಿದ್ದದ್ದು ಅರ್ಪಿತ ಬಾಯಿ ತೆರೆದಾಗ.

"ತಿಮ್ಮಕ್ಕ, ನೀವೇ ನಿಜವಾದ ಸೂಪರ್ ಹೀರೋ. ನಿಮ್ಮಂಥವರ ಸ್ಟ್ರಗಲ್ ಇದೆಯಲ್ಲ..."

"ಬ್ರಷ್ ಓಡ್ಸು. ಬಾಯಿ ಆಮೇಲೆ ಓಡ್ಸೀಯಂತೆ."

ನಡುವೆ ಬೋರಣ್ಣನ ಹೆಂಡತಿ ಮಂಗಮ್ಮ ಕಾಫಿ ಕಳಿಸುತ್ತಿದ್ದಳು. ಮಗಳಿಗೆ ಸ್ಟೀಲ್ ಲೋಟದಲ್ಲಿ, ತಿಮ್ಮಕ್ಕನಿಗೆ ಪೇಪರ್ ಲೋಟದಲ್ಲಿ. ಒಂದೇ ಕಾಫಿ, ಒಂದೇ ತಟ್ಟೆ. ತಿಮ್ಮಕ್ಕ ಕುಡಿದು, ಲೋಟವನ್ನು ಮುದ್ದೆ ಮಾಡಿ, ಬಣ್ಣದ ಟ್ಯೂಬುಗಳ ಪಕ್ಕ ಕಿಟಕಿಯ ಮೇಲಿಡುತ್ತಿದ್ದಳು. ಪ್ರತಿಸಲವೂ ಅಲ್ಲೇ ಇಡುತ್ತಿದ್ದಳು, ಕಾಣಲಿ ಎಂದು. ಗಲ್ಲದ ಮಚ್ಚೆಯ ಒಂದೊಂದು ಕೂದಲನ್ನೂ ಬಿಡದೆ ಕಂಡ ಅರ್ಪಿತಳ ಕಣ್ಣಿಗೆ ಅದು ಕಾಣಲೇ ಇಲ್ಲ.

ಚಿತ್ರ ಮುಗಿಯಿತು. ಕೆಂಪು ಗಾರೆಯ ಮೆಟ್ಟಿಲ ಮೇಲೆ ಮಿಂಚುಳ್ಳಿ ಕಾಲು ಅಗಲಿಸಿ ಕೂತಿದ್ದಳು. ಕಿತ್ತಳೆ ಕವಚದ ಕೆಳಗೆ ಮಡಿಕೆ ಬಿದ್ದ ಹೊಟ್ಟೆ. ಮುಸುಕನ್ನು ಕನ್ನಡಕದ ಹಾಗೆ ಹಣೆಯ ಮೇಲೆ ಏರಿಸಿಕೊಂಡಿದ್ದಳು. ನೀಲಿ ರೆಕ್ಕೆ ಎರಡೂ ಕಡೆ ಮೆಟ್ಟಿಲ ಮೇಲೆ ಒಣಹಾಕಿದ ಸೀರೆಯಂತೆ ಇಳಿಬಿದ್ದಿತ್ತು. ಬೆರಳ ನಡುವಿಂದ ಒಂದು ಬೇಳೆ ಹಾರುತ್ತಿತ್ತು. ಅವಳು ನೋಡುವವರ ಕಡೆಗೇ ನೋಡುತ್ತಿದ್ದಳು. ಆ ನೋಟದಲ್ಲಿ ಯಾರನ್ನೂ ಕಾಪಾಡುವ ಉದ್ದೇಶ ಇರಲಿಲ್ಲ.

"ಹೇಗಿದೆ?" ಎಂದಳು ಅರ್ಪಿತ.

"ಕಾಳು ಚೆನ್ನಾಗಿ ಬರ್ದಿದೀಯ," ಎಂದು ತಿಮ್ಮಕ್ಕ ಮೊರ ಎತ್ತಿಕೊಂಡಳು. ಬಾಗಿಲ ಹತ್ತಿರ ಹೋದವಳು ತಿರುಗಿ ಇನ್ನೊಮ್ಮೆ ನೋಡಿ, ಇಳಿದು ಬಂದಳು.

ಜಯನಗರದ ಒಂದು ಖಾಸಗಿ ಗ್ಯಾಲರಿಯಲ್ಲಿ ಪ್ರದರ್ಶನ ಶುರುವಾಯಿತು. ಅದು ಮಾಲಿಗೆ ಜನ ನುಗ್ಗುವ ವಾರಾಂತ್ಯ, ತಿಮ್ಮಕ್ಕನಿಗೆ ರಜೆ ಸಿಗಲಿಲ್ಲ. ಬೋರಣ್ಣ ಮಾತ್ರ ಹೊಸ ಬಿಳಿ ಶರ್ಟು ಹಾಕಿಕೊಂಡು ಹೋಗಿ, ತನ್ನದೇ ಚಿತ್ರದ ಮುಂದೆ ಸಾಯಂಕಾಲವೆಲ್ಲ ನಿಂತಿದ್ದು ಬಂದ. ಚಿತ್ರದಲ್ಲಿ ಸಿಡಿಲರಾಯ ಲುಂಗಿ ಉಟ್ಟು, ಹೆಗಲಿಗೆ ಮೇಲುಹೊದಿಕೆ ಕಟ್ಟಿಕೊಂಡು, ನೀರಿನ ಟ್ಯಾಂಕಿಗೆ ಒರಗಿ ಪೇಪರ್ ಓದುತ್ತಿದ್ದ. ಜನ ಅವನ ಜೊತೆ ಸೆಲ್ಫಿ ತೆಗೆಸಿಕೊಂಡರು. ಸಿಡಿಲರಾಯನ ಬೊಜ್ಜು ಎಷ್ಟು ಮುದ್ದಾಗಿದೆ ಎಂದರು.

ಅದಾದ ಒಂದೆರಡು ದಿನಕ್ಕೆ ಯಾರೋ ಮಿಂಚುಳ್ಳಿಯ ಚಿತ್ರದ ಫೋಟೊ ತೆಗೆದು, "ನಮ್ಮ ಬಾಲ್ಯವನ್ನು ಕೊಂದಿದ್ದಾರೆ" ಎಂದು ಬರೆದು ಹಾಕಿದರು. ಇಡೀ ಊರಿಗೆ ಒಮ್ಮೆಲೇ ಬಾಲ್ಯ ನೆನಪಾಯಿತು. ಮಿಂಚುಳ್ಳಿಯ ಪುಸ್ತಕ ಮುಟ್ಟಿ ಮೂವತ್ತು ವರ್ಷವಾಗಿದ್ದವರೆಲ್ಲ ಎದೆ ಬಡಿದುಕೊಂಡರು. ಅವರ ಮುಂದಾಳು ಉಗ್ರಪ್ಪ, ಬನಶಂಕರಿ ಎರಡನೇ ಹಂತದಲ್ಲಿ ಸೈಟು ಕೊಡಿಸುವ ಬ್ರೋಕರ್. ಅವನು ರಾತ್ರೋರಾತ್ರಿ ಅಭಿಮಾನಿ ಬಳಗದ ಅಧ್ಯಕ್ಷನಾಗಿ, ಎದೆಯ ಮೇಲೆ ಮಿಂಚುಳ್ಳಿಯಿರುವ ಟೀ ಶರ್ಟ್ ಹೊಲಿಸಿಕೊಂಡ. ಹೊಟ್ಟೆಯ ಮೇಲೆ ಆ ಶರ್ಟು ಬಿಗಿಯಾಗಿ ಕೂತದ್ದರಿಂದ ಮಿಂಚುಳ್ಳಿಯ ಸೊಂಟ ಅಲ್ಲೂ ದಪ್ಪವಾಗಿಯೇ ಕಾಣುತ್ತಿತ್ತು. ಅದಕ್ಕೆ ಯಾರೂ ಧರಣಿ ಕೂರಲಿಲ್ಲ.

ಬಿಟಿಎಂ ಲೇಔಟಿನ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ತೇಜಸ್ವಿನಿ ಸಂಜೆ ಬಂದವಳೇ ಫೋನನ್ನು ತಾಯಿಯ ಮಡಿಲಿಗೆ ಹಾಕಿದಳು.

"ಓದಮ್ಮ. ನೋಡು ಏನೇನ್ ಬರ್ದಿದಾರೆ."

"ಕನ್ನಡಕ ಇಲ್ಲ. ನೀನೇ ಓದು."

ತೇಜಸ್ವಿನಿ ಒಂದೆರಡನ್ನು ಓದಿದಳು. ಮಿಂಚುಳ್ಳಿ ಅಲ್ಲ ಇದು, ಎಮ್ಮೆ. ನಮ್ಮನೆ ಪಾತ್ರೆ ತೊಳೆಯೋಳಿಗೆ ರೆಕ್ಕೆ ಕಟ್ಟಿದ್ದಾರೆ. ಇಂಥ ಜನಕ್ಕೆಲ್ಲ ನಮ್ಮ ಮಿಂಚುಳ್ಳಿ ಬಟ್ಟೆ ಹಾಕಿಸಿದ್ದು ಯಾರು?

"ಇಂಥ ಜನ ಅಂದ್ರೆ ಎಂಥ ಜನವಂತೆ?"

ತಿಮ್ಮಕ್ಕನಿಗೆ ಉತ್ತರ ಬೇಕಾಗಿರಲಿಲ್ಲ. ಟಿವಿ ಹಾಕಿದಳು. ಅಲ್ಲೂ ಅದೇ ನಡೆದಿತ್ತು. ಪರದೆಯ ಮೇಲೆ ಮೂರು ತಲೆ. ನಡುವಿನ ತಲೆ ಕಿರುಚುತ್ತಿತ್ತು, ಎಡಗಡೆ ಉಗ್ರಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. ಬಲಗಡೆಯ ಗಡ್ಡದ ಪ್ರೊಫೆಸರ್ ಚಿತ್ರದ ಪರವಾಗಿ, "ಆ ದೇಹ ಪ್ರತಿರೋಧದ ಒಂದು ಪಠ್ಯ" ಎಂದ.

"ಏನಂತೆ ನನ್ನ ದೇಹ?"

"ಪಠ್ಯ ಅಂತೆ."

"ಓದಿ ಪಾಸಾಗಕ್ಕೇಳು ಅವ್ನಿಗೆ," ಎಂದು ತಿಮ್ಮಕ್ಕ ಟಿವಿ ಆರಿಸಿದಳು. ಬೈದವರಿಗಿಂತ ಹೊಗಳಿದವನ ಮೇಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ಅಷ್ಟು ಹೊತ್ತು ಬಡಿದಾಡಿದ ಮೂವರಲ್ಲಿ ಒಬ್ಬನೂ ಚಿತ್ರದಲ್ಲಿರುವ ಹೆಂಗಸು ಯಾರು ಎಂದು ಕೇಳಿರಲಿಲ್ಲ.

"ಅಮ್ಮ, ಅರ್ಪಿತಂಗೆ ಹೇಳಿ ತೆಗೆಸಿಬಿಡು," ಎಂದಳು ತೇಜಸ್ವಿನಿ, ಅಳುವ ದನಿಯಲ್ಲಿ. "ನಮ್ ಲ್ಯಾಬಲ್ಲಿ ಎಲ್ಲರೂ ಅದನ್ನೇ ನೋಡ್ಕೊಂಡು ನಗ್ತಿದಾರೆ. ನಮ್ಮಮ್ಮ ಅಂತ ಗೊತ್ತಾದ್ರೆ ನಾನು ಹೆಂಗೆ ಮುಖ ಎತ್ಕೊಂಡು ತಿರುಗಾಡ್ಲಿ?"

"ನಾನು ನನ್ ಮುಖ ಎತ್ಕೊಂಡು ತಿರುಗಾಡ್ತಿಲ್ವ?"

ಅಂದು ಮಗಳು ಊಟ ಮಾಡದೆ ಮಲಗಿದಳು. ಲೋಕದವರ ಮೇಲೆ ಇಟ್ಟುಕೊಂಡಿದ್ದ ತಾತ್ಸಾರವನ್ನು ಮಗಳ ಮೇಲೂ ಹರಿಸಲು ತಿಮ್ಮಕ್ಕ ಪ್ರಯತ್ನಿಸಿದಳು. ಅದು ಬರಲಿಲ್ಲ. ಮಗಳ ಊಟಕ್ಕೆ ತಟ್ಟೆ ಮುಚ್ಚಿಟ್ಟಳು.

ಶುಕ್ರವಾರ ಬೋರಣ್ಣ ಹೇಳಿಕಳಿಸಿದ. ಅವನ ಹಾಲಿನಲ್ಲಿ ಸೋಫಾ ಇತ್ತು, ತಿಮ್ಮಕ್ಕನಿಗಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅರ್ಪಿತ ಮೂಲೆಯಲ್ಲಿ ಫೋನ್ ಹಿಡಿದು ನಿಂತಿದ್ದಳು, ಕಣ್ಣು ಊದಿತ್ತು.

"ಬಾ ತಿಮ್ಮಕ್ಕ. ನೋಡು, ಈ ಉಗ್ರಪ್ಪ ನಮ್ಮೋನೇ. ಸೈಟ್ ವ್ಯವಹಾರದಲ್ಲಿ ಪರಿಚಯ. ಫೋನ್ ಮಾಡಿದ್ದ," ಎಂದ ಬೋರಣ್ಣ. "ಶನಿವಾರ ಗ್ಯಾಲರಿ ಮುಂದೆ ಸ್ವಲ್ಪ ಗಲಾಟೆ ಮಾಡ್ಕೋತಾರೆ, ಟಿವಿಯೋರು ಬರ್ತಾರೆ. ಭಾನುವಾರ ಆ ಪಟ ಇಳಿಸಿಬಿಡೋದು. ಅವ್ರಿಗೂ ಮರ್ಯಾದೆ, ನಮಗೂ ಮರ್ಯಾದೆ."

"ನಿಮ್ಮ ಪಟ?"

"ನನ್ನದಕ್ಕೇನಂತೆ? ಅದಕ್ಕೆ ಯಾರದೂ ತಕರಾರಿಲ್ಲ."

"ಹ್ಞೂ. ಹೊಟ್ಟೆ ನಿಮಗೂ ಇದೆ, ನನಗೂ ಇದೆ. ನಿಮ್ಮದು ಮುದ್ದು."

ಬೋರಣ್ಣ ಕೇಳದವನಂತೆ ಮುಂದುವರಿದ. "ನೀನೊಂದು ಚಿಕ್ಕ ವಿಡಿಯೋದಲ್ಲಿ ಮಾತಾಡ್ಬೇಕು. ನನಗೇನೂ ಗೊತ್ತಿರ್ಲಿಲ್ಲ, ಕಾಳು ಹಿತುಕ್ತಾ ಕೂತಿದ್ದೆ, ಬರ್ಕೊಂಡ್ಬಿಟ್ರು, ಮಿಂಚುಳ್ಳಿ ಅಂದ್ರೆ ನನಗೂ ಇಷ್ಟ, ತಪ್ಪಾಯ್ತು ಅಂತ. ಅಷ್ಟೇ."

"ನನ್ನ ಮುಖ ನನ್ನ ಮೈಮೇಲೆ ಇರೋದು ತಪ್ಪಾಯ್ತು ಅಂತನಾ?"

"ಹಂಗಲ್ಲಮ್ಮ..."

ತಿಮ್ಮಕ್ಕ ಅರ್ಪಿತಳ ಕಡೆ ತಿರುಗಿದಳು. "ನೀನೇನಂತೀಯ? ಬರ್ದೋಳು ನೀನು."

ಅರ್ಪಿತ ನೆಲ ನೋಡುತ್ತ ಹೇಳಿದಳು, "ತಿಮ್ಮಕ್ಕ, ನಾನು ಅದನ್ನ ರೀವರ್ಕ್ ಮಾಡ್ತೀನಿ. ಐಡಿಯಾ ಅದೇ ಇರುತ್ತೆ. ಮುಖ ಒಂದು ಸ್ವಲ್ಪ... ಸ್ವಲ್ಪ ಬದಲಾಯಿಸಿದ್ರೆ ಜನ ಒಪ್ಕೋತಾರೆ."

ಆ ಕ್ಷಣದವರೆಗೂ ತಿಮ್ಮಕ್ಕ ಈ ಹುಡುಗಿಯನ್ನು ತನ್ನ ತಾತ್ಸಾರದಿಂದ ಸ್ವಲ್ಪ ಹೊರಗೆ, ಅಂಚಿನಲ್ಲಿ ನಿಲ್ಲಿಸಿಕೊಂಡಿದ್ದಳು. ಈಗ ಅವಳನ್ನೂ ಒಳಗೆ ತಳ್ಳಿ ಬಾಗಿಲು ಹಾಕಿದಳು. ಅಷ್ಟರಲ್ಲಿ ಮಂಗಮ್ಮ ಪೇಪರ್ ಲೋಟದಲ್ಲಿ ಕಾಫಿ ತಂದಳು. ತಿಮ್ಮಕ್ಕ ಎದ್ದು ನಿಂತಳು.

"ವಿಡಿಯೋ ಗಿಡಿಯೋ ನನ್ ಕೈಲಾಗಲ್ಲ. ಈ ಲೋಟದಲ್ಲಿ ನೀವೇ ಕುಡೀರಿ ಮಂಗಮ್ನೋರೆ. ಹೆಂಗಿರುತ್ತೆ ರುಚಿ, ನೋಡಿ."

"ನಮ್ಮ ಮನೇಲಿ ಇದ್ಕೊಂಡು ನಮಗೇ..." ಎಂದು ಬೋರಣ್ಣ ಶುರು ಮಾಡಿದ. ಅವನ ಮಾತು ಮುಗಿಯುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು.

ಮನೆಗೆ ಬಂದವಳೇ ಸೆಕ್ಯೂರಿಟಿ ಏಜೆನ್ಸಿಯ ಸೂಪರ್‌ವೈಸರ್ ನೀಲಕಂಠಪ್ಪನಿಗೆ ಫೋನ್ ಮಾಡಿದಳು. ಜಯನಗರದ ಗ್ಯಾಲರಿಗೆ ಕಾವಲು ಯಾರದೆಂದು ಕೇಳಿದಳು.

"ನಮ್ದಲ್ಲ ತಿಮ್ಮಕ್ಕ. ಆದ್ರೆ ನಾಳೆ ಗಲಾಟೆ ಅಂತೆ, ಲೇಡೀಸ್ ಗಾರ್ಡ್ ಬೇಕು ಅಂತ ಎಲ್ಲ ಕಡೆ ಕೇಳ್ತಿದಾರೆ. ಯಾರೂ ಹೋಗಲ್ಲ ಅಂತಿದಾರೆ."

"ನನ್ನ ಹಾಕಿ ಸಾರ್."

"ಕಲ್ಲು ಗಿಲ್ಲು ಬಿದ್ದಾತು."

"ಬೀಳ್ಲಿ, ಹಾಕಿ."

ಶನಿವಾರ ಬೆಳಗ್ಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು, ಕ್ಯಾಪಿಟ್ಟು, ಗ್ಯಾಲರಿಯ ಬಾಗಿಲಲ್ಲಿ ನಿಂತಳು. ಗ್ಯಾಲರಿಯ ಯಜಮಾನಿ, ಕಾಟನ್ ಸೀರೆಯುಟ್ಟ ಮಧ್ಯವಯಸ್ಕ ಹೆಂಗಸು, ಓಡಿಬಂದು, "ಅಮ್ಮ, ಇಲ್ಲೇ ನಿಂತ್ಕೊಳ್ಳಿ, ಎಲ್ಲ ಲೇಡೀಸ್ ಬ್ಯಾಗೂ ಚೆಕ್ ಮಾಡಿ" ಎಂದಳು. ಅವಳು ತಿಮ್ಮಕ್ಕನನ್ನು ನಿಲ್ಲಿಸಿದ್ದು ಪ್ರದರ್ಶನದ ದೊಡ್ಡ ಬ್ಯಾನರಿನ ಕೆಳಗೆ. ಬ್ಯಾನರಿನಲ್ಲಿ ಮುಸುಕನ್ನು ಹಣೆಗೇರಿಸಿಕೊಂಡ ಮಿಂಚುಳ್ಳಿಯ ಮುಖ, ಆಳೆತ್ತರ. ಅದರ ಕೆಳಗೆ ಅದೇ ಮುಖ, ಕ್ಯಾಪಿನೊಳಗೆ. ಯಜಮಾನಿ ಎರಡನ್ನೂ ನೋಡಿದಳು, ಒಳಗೆ ಹೋದಳು.

ವಿವಾದದ ದೆಸೆಯಿಂದ ಜನ ಸಾಲುಗಟ್ಟಿ ಬಂದಿದ್ದರು. ಬಾಗಿಲ ಪಕ್ಕ ಕಟ್ಟಿದ್ದ ಪರದೆಯ ಹಿಂದೆ ಒಬ್ಬೊಬ್ಬಳೇ ಕೈ ಚಾಚಿ ನಿಂತು, ಗೋಡೆ ನೋಡಿ, ಒಳಗೆ ಹೋದಳು. ಒಬ್ಬ ಹುಡುಗಿಯಂತೂ ಒಳಗಿಂದ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. "ವಾಟ್ ಎ ಫೇಸ್, ಯಾ! ಆ ಕಣ್ಣು ನನ್ನನ್ನ ಬಿಡ್ತಾನೇ ಇಲ್ಲ" ಎಂದು ಗೆಳತಿಗೆ ಹೇಳುತ್ತ, ಕುಡಿದು ಮುಗಿಸಿದ ನೀರಿನ ಬಾಟಲಿಯನ್ನು ತಿಮ್ಮಕ್ಕನ ಕೈಗಿಟ್ಟು, "ಆಂಟಿ, ಇದನ್ನ ಡಸ್ಟ್‌ಬಿನ್‌ಗೆ ಹಾಕ್ಬಿಡಿ" ಎಂದು ಹೊರಟುಹೋದಳು. ತಿಮ್ಮಕ್ಕ ಬಾಟಲಿಯನ್ನು ಡಸ್ಟ್‌ಬಿನ್‌ಗೆ ಹಾಕಿದಳು. ಮನಸ್ಸಿನಲ್ಲಿ ತೀರ್ಪು ಬರೆಯಲು ಹೋದರೆ ಆ ಹುಡುಗಿಗೆ ತಕ್ಕ ಮಾತು ಸಿಗಲಿಲ್ಲ.

ಮಧ್ಯಾಹ್ನ ಉಗ್ರಪ್ಪನ ಬಳಗ ಬಂತು. ಮಿಂಚುಳ್ಳಿಗೆ ಜೈ, ಕಲಾವಿದೆಗೆ ಧಿಕ್ಕಾರ. ಪೊಲೀಸರು ಹಗ್ಗ ಕಟ್ಟಿ ನಿಲ್ಲಿಸಿದ್ದರು, ಟಿವಿಯವರು ಕ್ಯಾಮೆರಾ ಹೊತ್ತು ಅತ್ತಿಂದಿತ್ತ ಓಡಾಡಿದರು. ಬಿಸಿಲಿಗೆ ಧಿಕ್ಕಾರ ಬೇಗ ಒಣಗಿತು. ಉಗ್ರಪ್ಪ ಬೆವರು ಒರೆಸಿಕೊಳ್ಳುತ್ತ ಬಾಗಿಲ ಹತ್ತಿರ ಬಂದ.

"ಅಕ್ಕ, ಕುಡಿಯಕ್ಕೆ ನೀರು ಸಿಗುತ್ತಾ?"

ತಿಮ್ಮಕ್ಕ ಮೂಲೆಯ ಕ್ಯಾನ್ ತೋರಿಸಿದಳು. ಅವನು ಎರಡು ಲೋಟ ಕುಡಿದು, ಉಸಿರು ಬಿಟ್ಟು, ಅವಳನ್ನೇ ನೇರವಾಗಿ ನೋಡುತ್ತ ಹೇಳಿದ, "ನೋಡಿ ಅಕ್ಕ, ಎಂಥಾ ಅನ್ಯಾಯ. ನೀವೇ ಹೇಳಿ, ಆ ಮುಖ ಮಿಂಚುಳ್ಳಿ ಮುಖಾನಾ?"

"ಅಲ್ಲ," ಎಂದಳು ತಿಮ್ಮಕ್ಕ.

"ಹಾಂ! ನಿಮ್ಮಂಥ ಸಾಮಾನ್ಯ ಜನಕ್ಕೆ ಅರ್ಥ ಆಗುತ್ತೆ, ಈ ಓದಿದೋರಿಗೆ ಆಗಲ್ಲ," ಎಂದು ಅವನು ಖುಷಿಯಿಂದ ಕೈಮುಗಿದು, ಮತ್ತೆ ಹೋಗಿ ಕೂಗತೊಡಗಿದ. ವಾರವಿಡೀ ಆ ಮುಖವನ್ನು ಫೋನಿನಲ್ಲಿ, ಟಿವಿಯಲ್ಲಿ, ಪ್ಲಕಾರ್ಡಿನಲ್ಲಿ ಹಿಡಿದು ಊರೆಲ್ಲ ತಿರುಗಿದ ಗಂಡಸು ಅವನು.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಸಾಲಿನಲ್ಲಿ ಬಂದಳು. ಬಳಗದ ಟೀ ಶರ್ಟ್ ಕಾಣದಿರಲೆಂದು ಮೇಲೆ ದುಪಟ್ಟಾ ಸುತ್ತಿಕೊಂಡಿದ್ದಳು. ತ್ಯಾಗರಾಜನಗರದವಳು, ಹೆಸರು ಅಂಜನಾ, ಬಳಗದ ಮಹಿಳಾ ವಿಭಾಗದವಳು ಎಂಬುದು ಆಮೇಲೆ ತಿಳಿದದ್ದು. ಪರದೆಯ ಹಿಂದೆ ಕೈ ಚಾಚಿ, ಎಲ್ಲರಂತೆ ಸೂರು ನೋಡಿದಳು. ಬ್ಯಾಗಿನ ತಳದಲ್ಲಿ, ಕರ್ಚೀಫಿನೊಳಗೆ, ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯೊಂದು ತಿಮ್ಮಕ್ಕನ ಕೈಗೆ ಸಿಕ್ಕಿತು.

"ಇದೇನಮ್ಮ?"

"ಕೊಬ್ಬರಿ ಎಣ್ಣೆ."

ತಿಮ್ಮಕ್ಕ ಮುಚ್ಚಳ ತೆಗೆದು ಮೂಸಿದಳು. ಒಳಗಿದ್ದದ್ದು ಕಪ್ಪು ಮಸಿ.

ಅಂಜನಾ ದನಿ ತಗ್ಗಿಸಿದಳು. "ಆಂಟಿ, ಪ್ಲೀಸ್ ಬಿಟ್ಬಿಡಿ. ನಿಮಗೇನೂ ಆಗಲ್ಲ, ನಿಮ್ಮ ಹೆಸರು ಹೇಳಲ್ಲ. ನಾನು ಚಿಕ್ಕೋಳಿದ್ದಾಗ ನಮ್ಮಪ್ಪ ಹೊಡೆದು ರೂಮಲ್ಲಿ ಕೂಡಾಕ್ತಿದ್ರು. ಕಿಟಕಿಯಿಂದ ಮಿಂಚುಳ್ಳಿ ಬರ್ತಾಳೆ ಅಂತ ಕಾಯ್ತಿದ್ದೆ. ಅವಳನ್ನ ಹಿಂಗೆ ಮಾಡಿದಾರಲ್ಲ. ಒಂದೇ ಸಲ ಎರಚಿ ಬಂದ್ಬಿಡ್ತೀನಿ."

"ಯಾವುದಕ್ಕೆ ಎರಚ್ತೀಯ?"

"ಆ ಮೂತಿಗೆ."

ತಿಮ್ಮಕ್ಕ ಕ್ಯಾಪ್ ತೆಗೆದಳು. "ಈ ಮೂತಿಗಾ?"

ಅಂಜನಾ ಮೊದಲ ಸಲ ಅವಳ ಮುಖ ನೋಡಿದಳು. ಮೂಗುಬೊಟ್ಟು ನೋಡಿದಳು, ಮಚ್ಚೆ ನೋಡಿದಳು.

ತಿಮ್ಮಕ್ಕ ಬಾಟಲಿಯನ್ನು ಅವಳ ಕೈಗೆ ಹಿಡಿಸಿದಳು. "ತಗೋ. ಒಳಗೆ ಕ್ಯಾಮೆರಾ ಇದೆ, ಪೊಲೀಸಿದಾರೆ. ಇಲ್ಲಿ ಯಾರೂ ಇಲ್ಲ. ಪಟಕ್ಕಿಂತ ಇದೇ ವಾಸಿ, ಎರಚಿದ್ರೆ ಮಾತಾಡುತ್ತೆ. ಎರಚು."

"ಆಂಟಿ, ನಾನು ನಿಮಗೆ ಅಂತ ಅಲ್ಲ... ನನಗೆ ಗೊತ್ತ್... ಸಾರಿ ಆಂಟಿ."

"ಏನ್ ಸಾರಿ? ನಿಮ್ಮಪ್ಪ ಹೊಡ್ದಿದ್ದಕ್ಕೆ ನನ್ ಮುಖಕ್ಕೆ ಮಸಿ. ಅಪ್ಪ ಇದಾರಾ ಇನ್ನೂ?"

ಅಂಜನಾ ತಲೆಯಾಡಿಸಿದಳು, ಇದ್ದಾರೆ ಎಂದು.

"ಮತ್ತೆ ಅಲ್ಲಿಗೆ ಯಾಕೆ ಹೋಗ್ಲಿಲ್ಲ ಈ ಬಾಟ್ಲಿ?"

ಅಂಜನಾ ಬಾಟಲಿಯನ್ನು ಅವಸರದಲ್ಲಿ ಬ್ಯಾಗಿಗೆ ತುರುಕಲು ಹೋಗಿ ಮಸಿ ಅವಳದೇ ದುಪಟ್ಟಾದ ಮೇಲೆ ಚೆಲ್ಲಿತು. ಅವಳು ಅಳುತ್ತ, ಬ್ಯಾಗನ್ನು ಎದೆಗೆ ಅವಚಿಕೊಂಡು ಹೊರಗೋಡಿದಳು. ಆ ಅಳು ಕಂಡು ತಿಮ್ಮಕ್ಕನಿಗೆ ಸಮಾಧಾನವಾಗಲಿಲ್ಲ, ಕನಿಕರವೂ ಹುಟ್ಟಲಿಲ್ಲ. ಕೈಗೆ ಅಂಟಿದ ಮಸಿಯನ್ನು ಪರದೆಗೆ ಒರೆಸಿ, ಕ್ಯಾಪಿಟ್ಟುಕೊಂಡು, "ನೆಕ್ಸ್ಟ್" ಎಂದಳು.

ಪರದೆ ಸರಿಸಿಕೊಂಡು ಬಂದವಳು ತೇಜಸ್ವಿನಿ. ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಬಂದಿದ್ದಳು. ತಾಯಿ ಅಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ.

"ಅಮ್ಮ? ನೀನಿಲ್ಲಿ..."

"ಡ್ಯೂಟಿ. ಕೈ ಚಾಚು."

ತೇಜಸ್ವಿನಿ ಎರಡೂ ಕೈ ಚಾಚಿದಳು. ತಿಮ್ಮಕ್ಕ ಎಲ್ಲರಿಗೂ ಮಾಡುವಂತೆಯೇ ಡಿಟೆಕ್ಟರನ್ನು ಕಂಕುಳಿಂದ ಸೊಂಟದವರೆಗೆ ಇಳಿಸಿದಳು, ಬ್ಯಾಗು ತೆರೆದು ನೋಡಿದಳು, ಜಿಪ್ ಎಳೆದಳು. ಮಗಳು ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಿಮ್ಮಕ್ಕನೇ ಕಣ್ಣು ತಪ್ಪಿಸಿ, "ಹೋಗು, ಹಿಂದೆ ಜನ ನಿಂತಿದಾರೆ" ಎಂದಳು. ಒಳಗೆ ಹೋದ ತೇಜಸ್ವಿನಿ ಬಹಳ ಹೊತ್ತು ಬರಲಿಲ್ಲ. ಬಂದವಳು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಡ್ಯೂಟಿ ಮುಗಿಯುವವರೆಗೂ ಕೂತಿದ್ದು, ತಾಯಿಯ ಜೊತೆ ಒಂದೇ ಬಸ್ಸಿನಲ್ಲಿ ಮನೆಗೆ ಬಂದಳು.

ಭಾನುವಾರ, ಮಾತಾಗಿದ್ದಂತೆ, ಚಿತ್ರ ಇಳಿಯಿತು. ಅರ್ಪಿತ ಕ್ಷಮೆ ಕೇಳಿ ಬರೆದು ಹಾಕಿದಳು. ಉಗ್ರಪ್ಪನಿಗೆ ಯಾರೋ ಹಾರ ಹಾಕಿದರು. ಸಿಡಿಲರಾಯನ ಚಿತ್ರ ಕೊನೆಯ ದಿನದವರೆಗೂ ಇದ್ದು, ಆಮೇಲೆ ಬೋರಣ್ಣನ ಹಾಲಿನಲ್ಲಿ ಸೋಫಾದ ಮೇಲಕ್ಕೆ ಬಂತು. ಮಿಂಚುಳ್ಳಿಯ ಜಾಗದಲ್ಲಿ ಅರ್ಪಿತ ಹೊಸದೊಂದನ್ನು ಬರೆದು ಹಾಕಿದ್ದಳು: ತೆಳ್ಳಗಿನ ಹುಡುಗಿಯೊಬ್ಬಳು, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು, ಬೆರಳ ತುದಿಯಲ್ಲಿ ಅವರೆಕಾಳು ಹಿಡಿದು ನಗುತ್ತಿದ್ದಳು. ಜೀವಮಾನದಲ್ಲಿ ಕಾಳು ಹಿತುಕಿದವಳಲ್ಲ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಜನ ಬಹಳ ಮೆಚ್ಚಿದರು.

ತಿಮ್ಮಕ್ಕ ಮನೆ ಖಾಲಿ ಮಾಡಿದಳು. ಬೋರಣ್ಣ ಬಿಡಿಸುವ ಮೊದಲೇ ಬಿಟ್ಟಳು. ಶ್ರೀನಗರದ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಎರಡು ಪಟಗಳಿಗೆ ಅಲ್ಲಿ ತೇಜಸ್ವಿನಿಯೇ ಮೊಳೆ ಹೊಡೆದಳು. ಯುಗಾದಿ ಕಳೆದು ಕೆಲವು ದಿನಕ್ಕೆ ಅರ್ಪಿತ ವಿಳಾಸ ಹುಡುಕಿಕೊಂಡು ಬಂದಳು. ಸ್ವೀಟ್ ಬಾಕ್ಸ್ ತಂದಿದ್ದಳು. ಕೂರು ಎನ್ನುವವರೆಗೂ ನಿಂತೇ ಇದ್ದಳು.

"ನಾನು ಹೆದರ್ಕೊಂಡ್ಬಿಟ್ಟೆ ತಿಮ್ಮಕ್ಕ. ಆ ಹೊಸಾ ಚಿತ್ರ ನೋಡಿದ್ರೆ ನನಗೇ ಅಸಹ್ಯ ಆಗುತ್ತೆ. ಇನ್ನೊಂದ್ಸಲ ಕೂತ್ಕೋತೀರಾ? ಈ ಸಲ ಯಾರು ಏನಂದ್ರೂ..."

"ಇಲ್ಲ."

"ಯಾಕೆ?"

"ನೋಡೋವಾಗ ಚೆನ್ನಾಗಿ ನೋಡ್ತೀಯ. ನೋಡಿದ್ದನ್ನ ಕಾಯೋ ತಾಕತ್ತು ನಿಂಗಿಲ್ಲ. ಬೇರೆ ಏನಾದ್ರೂ ಬರಿ. ಹೂವು ಗೀವು."

ಅರ್ಪಿತಳ ಮುಖ ಬಿಳಿಚಿತು. ಹಳೆಯ ಚಿತ್ರ ತನ್ನ ರೂಮಿನಲ್ಲೇ ಇದೆಯೆಂದೂ, ಬೇಕಾದರೆ ತಂದುಕೊಡುವೆನೆಂದೂ ಹೇಳಿದಳು. ಈ ಮನೆಯ ಬಾಗಿಲಲ್ಲಿ ಅದು ತೂರುವುದಿಲ್ಲ ಎಂದಳು ತಿಮ್ಮಕ್ಕ. ಹುಡುಗಿ ಹೋದ ಮೇಲೆ ಸ್ವೀಟ್ ಬಾಕ್ಸನ್ನು ಎದುರುಮನೆಯ ಮಕ್ಕಳಿಗೆ ಕೊಟ್ಟು ಬಂದು, ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕತೊಡಗಿದಳು.

ತೇಜಸ್ವಿನಿ ಬಾಗಿಲಿಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದಳು. ಗ್ಯಾಲರಿಯಿಂದ ಬಂದ ದಿನದಿಂದ ಬಾಯಿಗೆ ಬಂದು ಬಂದು ವಾಪಸು ಹೋಗುತ್ತಿದ್ದ ಮಾತನ್ನು ಈಗ ಹೇಳಿದಳು.

"ಅಮ್ಮ, ಆ ಪಟದಲ್ಲಿ ನೀನು ಸಖತ್ತಾಗಿದ್ದೆ."

"ಗೊತ್ತು," ಎಂದಳು ತಿಮ್ಮಕ್ಕ. "ಆ ಪ್ಯಾಂಟ್ ಕೊಡಿಲ್ಲಿ, ಇಸ್ತ್ರಿಪೆಟ್ಟಿಗೆ ಆರೋಗುತ್ತೆ."